ಕೈಗುಣ

ರಾಣೆಬೆನ್ನೂರು
13 ಜುಲೈ 2025, ಭಾನುವಾರ

ತೀರ್ಥರೂಪ ಅಪ್ಪನಿಗೆ ರೋಹಿಣಿಯ ಸಾಷ್ಟಾಂಗ. (ಪತ್ರ ಹೀಗೆಯೇ ಶುರುವಾಗಬೇಕೆಂದು ಕಲಿಸಿದವರು ನೀವು. ಪಕ್ಕದಲ್ಲಿ ಕೂತ ನನ್ನ ಹಾಸ್ಟೆಲ್ ಗೆಳತಿ ಮುಸ್ಕಾನ್ ಇದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದಾಳೆ.)

ಸೈನ್ಯದ ಭರ್ತಿಗೆ ತಯಾರು ಮಾಡುವ ಈ ಅಕಾಡೆಮಿಗೆ ಬಂದು ಎರಡು ವಾರವಾಯಿತು. ಬಂದ ದಿನವೇ ನಮ್ಮ ಫೋನುಗಳನ್ನೆಲ್ಲ ಒಂದು ಟ್ರಂಕಿಗೆ ಹಾಕಿ ಬೀಗ ಜಡಿದರು. ಭಾನುವಾರ ಐದು ನಿಮಿಷ ಕೊಡುತ್ತಾರೆ. ಹಿಂದೆ ಐವತ್ತು ಹುಡುಗಿಯರ ಸಾಲು, ಪಕ್ಕದಲ್ಲಿ ವಾರ್ಡನ್. ಅಲ್ಲಿ ‘ಉಂಡೆ, ಆರಾಮಾಗಿದ್ದೇನೆ’ ಎನ್ನುವುದರ ಹೊರತು ಬೇರೆ ಮಾತು ಬಾಯಿಗೆ ಬರುವುದಿಲ್ಲ. ಅದಕ್ಕೇ ನಿಮ್ಮ ಗ್ರಂಥಾಲಯದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅವ್ವನಿಗೂ ಓದಿ ಹೇಳಿ.

ಬೆಳಿಗ್ಗೆ ಐದಕ್ಕೆ ಓಟ. ಬೀಜದ ಕಂಪನಿಯ ಗೋದಾಮುಗಳ ಹಿಂದಿನ ಮಣ್ಣುರಸ್ತೆ. ನಾನು ಮೊದಲ ಮೂವರಲ್ಲಿ ಇರುತ್ತೇನೆ, ಅದರ ಚಿಂತೆ ನಿಮಗೆ ಬೇಡ. ಚಿಂತೆ ಬೇರೆಯದು.

ಮೊನ್ನೆ ಸುಳ್ಳು ಮೆಡಿಕಲ್ ಇತ್ತು, ಅಂದರೆ ನವೆಂಬರಿನಲ್ಲಿ ಸೈನ್ಯದವರು ಮಾಡುವ ತಪಾಸಣೆಯ ತಾಲೀಮು. ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮೇಡಂ ಒಬ್ಬರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಮೈಮೇಲಿನ ಗಾಯದ ಕಲೆಗಳನ್ನೆಲ್ಲ ಬರೆದುಕೊಂಡರು. ಅಪ್ಪಾ, ಸೈಕಲ್ಲಿನಿಂದ ಬೀಳದ ಹುಡುಗಿ ಈ ಜಿಲ್ಲೆಯಲ್ಲೇ ಇಲ್ಲ! ಎಂಟನೇ ತರಗತಿಯ ಸರ್ಕಾರಿ ಸೈಕಲ್ ಎಲ್ಲರ ಮೈಮೇಲೂ ಸಹಿ ಹಾಕಿದೆ. ಒಬ್ಬಳ ಹಿಮ್ಮಡ ಚಕ್ರದ ಕಡ್ಡಿಗೆ ಸಿಕ್ಕಿ ಸೀಳಿದೆ. ಒಬ್ಬಳ ಮೀನಖಂಡದ ಮೇಲೆ ಚೈನಿನ ಹಲ್ಲುಗಳ ಐದು ಚುಕ್ಕೆ. ಒಬ್ಬಳು ಎಮ್ಮೆಗೆ ಗುದ್ದಿ ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡವಳು. ಕುಪ್ಪೇಲೂರಿನ ಮುಸ್ಕಾನಳದು ಒಟ್ಟು ಒಂಬತ್ತು ಕಲೆ, ಹುಬ್ಬಿನ ಮೇಲಿನದೂ ಸೇರಿ. ಅವಳು ಗಾಬರಿಯಾಗಿ ನಿಂತಿದ್ದಳು. ಮೇಡಂ ನಕ್ಕು, “ಕಲಿ ಎಷ್ಟರ ಇರ್ಲಿ ಬಿಡವಾ. ಕೀಲು ಆಡಬೇಕು, ಅಷ್ಟ,” ಎಂದರು.

ಆಮೇಲೆ ಎರಡೂ ಕೈ ಚಾಚಲು ಹೇಳಿದರು. ನನ್ನ ಮುಂದೆ ಬಂದು ನಿಂತರು.

“ಬಲಗೈ ಪೂರ್ತಿ ಚಾಚು.”

“ಇಷ್ಟಽ ರೀ ಮೇಡಂ.”

ಅವರು ನಗಲಿಲ್ಲ. ಮೊಣಕೈ ಹೀಗೇ ಬಾಗಿದ್ದರೆ ನವೆಂಬರಿನಲ್ಲಿ ಬಾಗಿಲಿನಿಂದಲೇ ವಾಪಸು ಕಳಿಸುತ್ತಾರಂತೆ. ಮುಂದಿನ ಭರ್ತಿಯ ಹೊತ್ತಿಗೆ ನನ್ನ ವಯಸ್ಸು ಮೀರಿರುತ್ತದೆ. ನನಗಿರುವುದು ಇದೊಂದೇ ಸಲ.

ನಾಲ್ಕು ತಿಂಗಳಿದೆ. ಸಣ್ಣವಳಿದ್ದಾಗ ನೀವು ತಿಕ್ಕಿ ತಿಕ್ಕಿ ಅಷ್ಟು ನೆಟ್ಟಗೆ ಮಾಡಿದ್ದಿರಿ, ಉಳಿದದ್ದು ಸ್ವಲ್ಪವೇ. ಆಗ ಎಲುಬು ಕಟ್ಟಿದ ಬ್ಯಾಡಗಿಯ ಯೂಸುಫಸಾಬ ಅಜ್ಜನ ಎಣ್ಣೆ ಒಂದು ಬಾಟಲಿ ಕಳಿಸಿ. ತಿಕ್ಕಲು ಮುಸ್ಕಾನ್ ಇದ್ದಾಳೆ, ಅವಳ ಕೈಯಲ್ಲಿ ಹಿಟ್ಟು ನಾದುವ ಶಕ್ತಿ ಇದೆ.

ನಿಮ್ಮ ಮಗಳು
ರೋಹಿಣಿ


ಅಗಡಿ
20 ಜುಲೈ 2025

ಚಿರಂಜೀವಿ ರೋಹಿಣಿಗೆ ಅಪ್ಪ, ಅವ್ವ ಮತ್ತು ಓದುಗರಿಲ್ಲದ ಒಂದು ಗ್ರಂಥಾಲಯದ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ, ನಿನ್ನವ್ವ ನಾಲ್ಕು ಸಲ ಓದಿಸಿದಳು. ಕಲೆ ಎಣಿಸುವ ಪರೀಕ್ಷೆಗೆ ನನ್ನನ್ನು ಕರೆದಿದ್ದರೆ ಮೊದಲ ಸ್ಥಾನ ನನ್ನದೇ. ಹಾವೇರಿ ಹೈಸ್ಕೂಲಿಗೆ ಮೂರು ವರ್ಷ ಸೈಕಲ್ ತುಳಿದವನು ನಾನು. ಗದ್ದದ ಕಲೆ ಬ್ರೇಕ್ ಇಲ್ಲದ ಸೈಕಲ್ಲಿನದು, ಮುಂಗಾಲಿನದು ಪೆಡಲ್ಲಿನದು. ಬೆನ್ನಿನ ಮೇಲಿನದು ಸೈಕಲ್ಲಿನದಲ್ಲ, ಸೈಕಲ್ ಮುರಿದದ್ದಕ್ಕೆ ನಮ್ಮಪ್ಪ ಕೊಟ್ಟದ್ದು.

ನಿನ್ನದು ಮಾತ್ರ ನನ್ನ ಸೈಕಲ್ಲಿನಿಂದಲೇ ಆದದ್ದು. ಒಂಬತ್ತು ವರ್ಷದವಳು, ಸೀಟು ಎಟುಕುವುದಿಲ್ಲವೆಂದು ನಡುಪೈಪಿನ ಕೆಳಗಿನಿಂದ ಕಾಲು ತೂರಿಸಿ ತುಳಿಯುತ್ತ ಕೆರೆಯ ಏರಿಯ ಇಳಿಜಾರಿನಲ್ಲಿ ಹೋಗಿ ಬಿದ್ದು ಮೊಣಕೈ ಮುರಿದುಕೊಂಡೆ. ಅಷ್ಟು ದೊಡ್ಡ ಸೈಕಲ್ಲಿಗೆ ನಾನು ಬೀಗ ಹಾಕಿರಲಿಲ್ಲ.

ಆದರೆ ಮಗಳೇ, ಬೀಳಿಸಿದವನೇ ಎಬ್ಬಿಸಿದ್ದೂ ಹೌದು. ಯೂಸುಫಸಾಬರು ಬಿದಿರಿನ ದಬ್ಬೆ ಇಟ್ಟು ಇಪ್ಪತ್ತೊಂದು ದಿನ ಕಟ್ಟಿದರು. ಬಿಚ್ಚಿದಾಗ ನಿನ್ನ ಕೈ ಮಡಚಿದ ಕೊಡೆಯ ಹಾಗೆ ಇತ್ತು. ಬೆಳಿಗ್ಗೆ ಸಂಜೆ ಎಣ್ಣೆ ಹಾಕಿ ತಿಕ್ಕಿದೆ, ನೀರಿನ ತಂಬಿಗೆ ಹಿಡಿಸಿ ನಡೆಸಿದೆ, ನಿನ್ನ ಬೆರಳು ಮುಟ್ಟಿದ ಕಡೆ ಸೀಮೆಸುಣ್ಣದಿಂದ ಬಾಗಿಲ ಚೌಕಟ್ಟಿನ ಮೇಲೆ ಗುರುತು ಹಾಕಿದೆ. ದಿನಕ್ಕೆ ಒಂದು ಕೂದಲೆಳೆಯಷ್ಟು ಮುಂದೆ ಬಂತು. ಆವತ್ತಿನಿಂದ ಊರಲ್ಲಿ ನನಗೆ ಕೈಗುಣ ಇದೆಯೆಂದು ಹೆಸರು. ಪುಸ್ತಕ ಕೇಳಿಕೊಂಡು ಬರುವವರಿಗಿಂತ ಉಳುಕಿದ ಕೈಕಾಲು ಹಿಡಿದುಕೊಂಡು ಬರುವವರೇ ನನ್ನ ಗ್ರಂಥಾಲಯಕ್ಕೆ ಹೆಚ್ಚು. ನಾನು ತಿಕ್ಕುವುದನ್ನು ನೋಡಿಕೊಂಡು ನೋಡಿಕೊಂಡು ನಮ್ಮೂರಿನ ಗಿರಿಯಪ್ಪನೂ ಕಲಿತುಬಿಟ್ಟಿದ್ದಾನೆ.

ಈ ವಾರ ಬ್ಯಾಡಗಿಗೆ ಹೋಗಿ ಎಣ್ಣೆ ತರುತ್ತೇನೆ. ಹೆದರಬೇಡ. ಅಪ್ಪನ ಕೈಗೆ ಒಮ್ಮೆ ಬಗ್ಗಿದ ಎಲುಬು ಇನ್ನೊಮ್ಮೆ ಬಗ್ಗುತ್ತದೆ.

ನಿನ್ನ ಅಪ್ಪ
ಚಂದ್ರಪ್ಪ


ರಾಣೆಬೆನ್ನೂರು
10 ಆಗಸ್ಟ್ 2025

ಅಪ್ಪಾ,

ಎಣ್ಣೆ ಇನ್ನೂ ಬಂದಿಲ್ಲ. ಬ್ಯಾಡಗಿ ಏನು ಕಾಶಿಯೇ?

ನಾವು ಕಾಯುತ್ತ ಕೂತಿಲ್ಲ. ಮುಸ್ಕಾನ್ ಕೊಬ್ಬರಿ ಎಣ್ಣೆ ಬಿಸಿ ಮಾಡಿ ದಿನಾ ಎರಡು ಹೊತ್ತು ತಿಕ್ಕುತ್ತಾಳೆ. ಆಮೇಲೆ ಎರಡು ಇಟ್ಟಿಗೆ ಹಾಕಿದ ಚೀಲವನ್ನು ಬಲಗೈಗೆ ತೂಗು ಹಾಕಿಕೊಂಡು ಅಂಗಳದಲ್ಲಿ ಹತ್ತು ಸುತ್ತು ಬರುತ್ತೇನೆ. ಕೀಲು ಬಾತಿದೆ, ರಾತ್ರಿ ಮಗ್ಗುಲು ಬದಲಿಸಲು ಆಗುವುದಿಲ್ಲ. ಆದರೆ ನೋವು ಬಂದರೆ ಕೀಲು ಬಿಡುತ್ತಿದೆ ಎಂದು ನೀವೇ ಹೇಳುತ್ತಿದ್ದಿರಲ್ಲ. ಆ ಲೆಕ್ಕದಲ್ಲಿ ನನ್ನದು ಬಹಳ ಜೋರಾಗಿ ಬಿಡುತ್ತಿದೆ.

ಮೇಡಂ ಎಕ್ಸ್‌ರೇ ತೆಗೆಸಲು ಹೇಳಿದರು, ತೆಗೆಸಿದೆ. ಇದುವರೆಗೆ ಒಂದೂ ಎಕ್ಸ್‌ರೇ ತೆಗೆಸಿಲ್ಲವೆಂದಾಗ ಅವರು ನನ್ನ ಮುಖ ನೋಡಿದ ರೀತಿ ನನಗೆ ಸೇರಲಿಲ್ಲ. ನಮ್ಮಪ್ಪ ಕೈಯಿಂದಲೇ ನೋಡುತ್ತಾರೆ ಎಂದು ಹೇಳಿದೆ. ಮುಸ್ಕಾನಳ ಅಣ್ಣ ಶಹಬಾಜ ಹಾವೇರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಈ ಪತ್ರದ ಜೊತೆ ಅದನ್ನೂ ಕಳಿಸಿದ್ದೇನೆ. ಹಾವೇರಿಯಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿ, ಇನ್ನೂ ಬೇಗ ನೆಟ್ಟಗಾಗಲು ಏನು ಮಾಡಬೇಕು ಕೇಳಿ ಬರೆಯಿರಿ.

ರೋಹಿಣಿ


ಅಗಡಿ
17 ಆಗಸ್ಟ್ 2025

ಚಿ. ರೋಹಿಣಿಗೆ ಆಶೀರ್ವಾದಗಳು.

ಎಕ್ಸ್‌ರೇ ಮುಟ್ಟಿತು. ಡಾಕ್ಟರು ಊರಲ್ಲಿಲ್ಲ. ಬ್ಯಾಡಗಿಗೂ ಹೋಗಲಾಗಲಿಲ್ಲ, ಪಂಚಾಯಿತಿಯವರು ಪುಸ್ತಕ ಎಣಿಸಲು ಕೂರಿಸಿದ್ದಾರೆ.

ಸದ್ಯಕ್ಕೆ ತಿಕ್ಕುವುದನ್ನು ನಿಲ್ಲಿಸು. ಇಟ್ಟಿಗೆಯೂ ಬೇಡ. ಕೈಗೆ ಸ್ವಲ್ಪ ವಿಶ್ರಾಂತಿ ಇರಲಿ.

ಇಲ್ಲಿ ಮಳೆ ಹದವಾಗಿದೆ. ಅವ್ವ ಶೇಂಗಾ ಉಂಡಿ ಮಾಡಿ ಇಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ಬೇರೇನೂ ವಿಶೇಷವಿಲ್ಲ.

ಅಪ್ಪ


ರಾಣೆಬೆನ್ನೂರು
31 ಆಗಸ್ಟ್ 2025

ಅಪ್ಪಾ,

ನೀವು ಬರೆದ ಹನ್ನೊಂದು ಸಾಲಿನಲ್ಲಿ ಮಳೆ ಇದೆ, ಉಂಡಿ ಇದೆ, ತಿಕ್ಕುವುದನ್ನು ಯಾಕೆ ನಿಲ್ಲಿಸಬೇಕೆಂಬುದು ಮಾತ್ರ ಇಲ್ಲ. ಎರಡು ಮಾತಿನ ಜಾಗದಲ್ಲಿ ಇಪ್ಪತ್ತು ಮಾತಾಡುವವರು ನೀವು. ಏನಾಗಿದೆ?

ನಿಲ್ಲಿಸು ಎಂದರೆ ಹೇಗೆ ನಿಲ್ಲಿಸಲಿ? ಎರಡೂವರೆ ತಿಂಗಳಷ್ಟೇ ಇದೆ. ಕಳೆದ ವಾರ ಸಾವಿರದ ಆರುನೂರು ಮೀಟರ್ ಓಟದಲ್ಲಿ ಮೊದಲು ಬಂದೆ. ಎತ್ತರ ಜಿಗಿತ ಪಾಸು, ಉದ್ದ ಜಿಗಿತ ಪಾಸು. ಈ ಒಂದು ಗೇಣು ಕೈಗೋಸ್ಕರ ಎಲ್ಲ ಹೋಗಬೇಕೇ? ನಾನು ನಿಲ್ಲಿಸಿಲ್ಲ. ಈಗ ಮೂರು ಹೊತ್ತು ತಿಕ್ಕಿಸಿಕೊಳ್ಳುತ್ತಿದ್ದೇನೆ, ಚೀಲಕ್ಕೆ ಮೂರನೆಯ ಇಟ್ಟಿಗೆ ಹಾಕಿದ್ದೇನೆ. ಮುಸ್ಕಾನ್ ಕೂತು ಎಳೆಯುವಾಗ ಬಾಯಲ್ಲಿ ಟವೆಲ್ ಕಚ್ಚಿಕೊಳ್ಳುತ್ತೇನೆ.

ಡಾಕ್ಟರು ಏನೆಂದರು, ಅದನ್ನು ಬರೆಯಿರಿ.

ರೋಹಿಣಿ


ಅಗಡಿ
7 ಸೆಪ್ಟೆಂಬರ್ 2025

ರೋಹಿಣಿ,

ಮೂರು ಇಟ್ಟಿಗೆ, ಟವೆಲ್ ಎಂದು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹೋದ ಪತ್ರದಲ್ಲಿ ಸುಳ್ಳು ಬರೆದಿದ್ದೆ. ಡಾಕ್ಟರು ಊರಲ್ಲೇ ಇದ್ದರು. ಆಗಸ್ಟ್ ಹದಿನಾಲ್ಕರಂದೇ ತೋರಿಸಿದೆ.

ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಮುರಿದಿದ್ದು ಚಲೋನ ಕೂಡೇತಿ. ಕಟ್ಟಿದವ್ರು ಯಾರೋ ತಿಳಿದವ್ರು,” ಎಂದರು. ನನಗೆ ಖುಷಿಯಾಯಿತು. ಆಮೇಲೆ ಕೀಲಿನ ಮುಂದೆ ಇದ್ದ ಮೋಡದಂಥ ಬಿಳಿ ಗುರುತಿನ ಮೇಲೆ ಪೆನ್ನು ಇಟ್ಟು, “ಇದೇನು ಗೊತ್ತೈತೇನ್ರಿ? ಇದು ಎಲುಬು. ಇರಬಾರದ ಜಾಗದಾಗ ಬೆಳೆದೈತಿ. ಇದು ಅಡ್ಡ ಐತಿ ಅಂತ ಕೈ ಚಾಚವಲ್ದು,” ಎಂದರು.

“ಹೆಂಗ ಬೆಳೀತ್ರಿ?”

“ಹೊಸಾ ಗಾಯ ಇದ್ದಾಗ ಕೀಲು ತಿಕ್ಕಿದ್ರ, ಜಗ್ಗಿದ್ರ, ಸುತ್ತಲಿನ ಮಾಂಸದಾಗ ಎಲುಬು ಕಟ್ಟತೈತಿ. ಸಣ್ಣ ಹುಡುಗರಿಗಂತೂ ಲಗೂನ. ಯಾರ ತಿಕ್ಕಿದ್ರಿ ಇದನ್ನ?”

ಆ ಪ್ರಶ್ನೆ ಬೇರೆ ಯಾರಿಗೋ ಕೇಳಿದ್ದು ಎಂಬಂತೆ ಗೋಡೆ ನೋಡುತ್ತ ಕೂತೆ. ಈಗೇನು ಮಾಡಬಹುದು ಎಂದು ಕೇಳಿದೆ. ಈಗ ತಿಕ್ಕಿದರೆ ಬಾವು ಮತ್ತು ನೋವು ಬಿಟ್ಟು ಮತ್ತೇನೂ ಸಿಗುವುದಿಲ್ಲ. ಆಪರೇಷನ್ ಮಾಡಿದರೆ ಸ್ವಲ್ಪ ಸುಧಾರಿಸಬಹುದು, ಪೂರ್ತಿ ನೆಟ್ಟಗಾಗುವ ಭರವಸೆ ಇಲ್ಲ, ನವೆಂಬರಿನೊಳಗೆ ಅಂತೂ ಸಾಧ್ಯವೇ ಇಲ್ಲ. ಆವತ್ತು ಕಟ್ಟು ಬಿಚ್ಚಿದ ಮೇಲೆ ಕೈಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ನೀನು ಆಡುತ್ತ ಆಡುತ್ತ ತಾನಾಗಿಯೇ ಸರಿಯಾಗುತ್ತಿತ್ತಂತೆ.

ಬಸ್ ಸ್ಟ್ಯಾಂಡಿನಲ್ಲಿ ಅಗಡಿಯ ಬಸ್ಸು ಬಂದು ಹೋಯಿತು, ಇನ್ನೊಂದು ಬಂದು ಹೋಯಿತು. ನಾನು ಬ್ಯಾಡಗಿಯ ಬಸ್ಸು ಹತ್ತಿದೆ. ಯಾಕೆಂದರೆ ನನಗೆ ಒಬ್ಬ ತಪ್ಪುಗಾರ ಬೇಕಿತ್ತು. ತಿಕ್ಕಲು ಹೇಳಿದವರು ಯೂಸುಫಸಾಬರಲ್ಲವೇ, ಅವರ ಕೊರಳಪಟ್ಟಿ ಹಿಡಿಯಬೇಕೆಂದುಕೊಂಡೆ. ಇಳಿದ ಕೂಡಲೇ ಮೆಣಸಿನಕಾಯಿ ಘಾಟಿಗೆ ಸೀನು ಹತ್ತಿತು, ಸೀನುತ್ತಲೇ ಅವರ ಮನೆಗೆ ಹೋದೆ. ಅವರು ಈಗ ಪೂರ್ತಿ ಹಣ್ಣಾಗಿದ್ದಾರೆ. ಕಣ್ಣು ಕಾಣುವುದಿಲ್ಲ. ನನ್ನ ದನಿಯಿಂದಲೇ ಗುರುತು ಹಿಡಿದು, “ಅಗಡಿ ಮಾಸ್ತರ ಬಂದ್ರೇನು? ಕುಂದ್ರಿ. ಮಗಳ ಕೈ ಹೆಂಗೈತಿ?” ಎಂದರು.

ಡಾಕ್ಟರು ಹೇಳಿದ್ದನ್ನೆಲ್ಲ ಒದರಿದೆ. ಅವರು ಕೇಳುವಷ್ಟು ಕೇಳಿ, “ಎಣ್ಣಿ ಎಂಟ ದಿನಾ ಹಗೂರಕ ಸವರ್ರಿ, ಆಮ್ಯಾಲ ಮುಟ್ಟಬ್ಯಾಡ್ರಿ ಅಂದಿದ್ದೆ ಅಲ್ರಿ,” ಎಂದರು.

ಹೌದು. ಹಾಗೆಯೇ ಅಂದಿದ್ದರು. ಅವರು ಹೇಳುತ್ತಿದ್ದಂತೆ ಆ ಮಾತು ನನಗೆ ಅಕ್ಷರಶಃ ನೆನಪಾಯಿತು.

“ನೀವು ಎಷ್ಟ ದಿನಾ ತಿಕ್ಕಿದ್ರಿ?”

“ಒಂದ ವರ್ಷ್ರಿ.”

ಸೊಸೆ ಚಹಾ ತಂದಳು. “ಚಾ ಕುಡೀರಿ, ಆರಿ ಹೊಕ್ಕೈತಿ,” ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಎಂಟು ದಿನಕ್ಕೆ ಯಾಕೆ ನಿಲ್ಲಿಸಲಿಲ್ಲ ಎಂದು ಈ ಮೂರು ವಾರ ನನ್ನನ್ನೇ ಕೇಳಿಕೊಂಡಿದ್ದೇನೆ. ಬಾಗಿಲ ಮೇಲಿನ ಗುರುತು ದಿನಾ ಮುಂದೆ ಹೋಗುತ್ತಿತ್ತು, ಅದಕ್ಕೆ. ನೀನು ಅಳುತ್ತಿರಲಿಲ್ಲ, ಅದಕ್ಕೆ. ನನ್ನ ಕೈಯಿಂದ ಒಂದು ಒಳ್ಳೆಯದು ಆಗುತ್ತಿದೆ ಎಂದು ಜನ್ಮದಲ್ಲಿ ಮೊದಲ ಸಲ ಅನ್ನಿಸಿತ್ತು, ಅದಕ್ಕೂ ಹೌದು. ನೀನು ಬಿದ್ದಾಗ ಮುರಿದದ್ದು ಕೂಡಿತು. ಕೆಡಿಸಿದ್ದು ನಾನು.

ತಿಕ್ಕಿಸಿಕೊಳ್ಳಬೇಡ. ಇದೊಂದು ಮಾತು ಕೇಳು.

ಅಪ್ಪ


ಅಗಡಿ
12 ಅಕ್ಟೋಬರ್ 2025

ಚಿ. ರೋಹಿಣಿಗೆ,

ಐದು ಭಾನುವಾರ ಫೋನಿನಲ್ಲಿ ಅವ್ವನ ಜೊತೆ ಮಾತ್ರ ಮಾತಾಡಿದೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ನಿನ್ನ ದನಿ ಅಷ್ಟಿಷ್ಟು ಕೇಳುತ್ತದೆ, ಅದು ಸಾಕು. “ಅಪ್ಪಗ ಕೊಡ್ಲೇನು?” ಎಂದು ಅವಳು ಕೇಳಿದಾಗ ನೀನು ಏನಂದೆಯೋ ಅವಳು ನನಗೆ ಹೇಳುವುದಿಲ್ಲ.

ಬರೆಯಲೇಬೇಕೆಂದಿಲ್ಲ. ತಿಕ್ಕುವುದನ್ನು ಬಿಟ್ಟಿದ್ದೀಯಾ, ಅಷ್ಟನ್ನು ಅವ್ವನಿಗೆ ಹೇಳು.

ಅಪ್ಪ


ರಾಣೆಬೆನ್ನೂರು
16 ನವೆಂಬರ್ 2025

ಅಪ್ಪಾ,

ಮೆಡಿಕಲ್ ಆಯಿತು. ಹೋಯಿತು. ಮುಸ್ಕಾನ್ ಪಾಸಾದಳು. ಅವಳ ಒಂಬತ್ತು ಕಲೆಗಳಲ್ಲಿ ಎರಡನ್ನು ಗುರುತಿನ ಚಿಹ್ನೆಯೆಂದು ಕಾಗದದಲ್ಲಿ ಬರೆದುಕೊಂಡರು. ಅವಳು ನನಗಾಗಿ ಎಷ್ಟು ಅತ್ತಳೆಂದರೆ ಕೊನೆಗೆ ನಾನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ನಿಮ್ಮ ಆ ಪತ್ರ ಬಂದ ಮೇಲೂ ಹದಿನೈದು ದಿನ ತಿಕ್ಕಿಸಿಕೊಂಡೆ. ಬೇಡವೆಂದರೆ ಮುಸ್ಕಾನ್ ಯಾಕೆಂದು ಕೇಳುತ್ತಿದ್ದಳು. ನಮ್ಮಪ್ಪನ ಕೈಗುಣದ ಬಗ್ಗೆ ಇಡೀ ಹಾಸ್ಟೆಲಿಗೆ ಜಂಬ ಕೊಚ್ಚಿಕೊಂಡವಳು ನಾನು. ಅದನ್ನು ಹೇಗೆ ಹೇಳಲಿ? ಹೇಳುವುದಕ್ಕಿಂತ ನೋಯುವುದೇ ಹಗುರವೆನ್ನಿಸಿತು. ಕೊನೆಗೆ ಚರ್ಮ ಸುಲಿದಾಗ ಅವಳೇ ನಿಲ್ಲಿಸಿದಳು.

ನಿಮ್ಮ ಮೇಲೆ ಸಿಟ್ಟಿದೆ. ಇಲ್ಲವೆಂದು ಬರೆದರೆ ಸುಳ್ಳು. ಆದರೆ ನಾನು ಈ ಎರಡು ತಿಂಗಳು ಬರೆಯದಿರಲು ಅದೊಂದೇ ಕಾರಣವಲ್ಲ. ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಇದೆ.

ಬಾಗಿಲ ಮೇಲಿನ ಆ ಗುರುತುಗಳು ಸುಳ್ಳು ಅಪ್ಪಾ. ಕೈ ನೆಟ್ಟಗಾಗುತ್ತಿರಲಿಲ್ಲ. ನಾನು ಭುಜವನ್ನು ಮುಂದೆ ತಳ್ಳಿ, ಮೈಯನ್ನು ಒಂದಿಷ್ಟು ಓರೆ ಮಾಡಿ ಬೆರಳನ್ನು ಗುರುತಿಗಿಂತ ಮುಂದೆ ಮುಟ್ಟಿಸುತ್ತಿದ್ದೆ. ಮೊದಲ ಸಲ ತಿಳಿಯದೆ ಆಯಿತು. ಆಗ ನೀವು “ಏ ದೇವವ್ವಾ, ಬಾ ಇಲ್ಲೆ, ನೋಡ ಬಾ!” ಎಂದು ಅವ್ವನನ್ನು ಅಡುಗೆಮನೆಯಿಂದ ಕೂಗಿ ಕರೆದಿರಿ. ನಾನು ಬಿದ್ದಾಗಿನಿಂದ ನೀವು ನಕ್ಕಿರಲಿಲ್ಲ. ಮರುದಿನವೂ ನಗಲಿ ಎಂದು ಮತ್ತೆ ಮಾಡಿದೆ. ಆಮೇಲೆ ನಿಲ್ಲಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ನೋವಿಗೆ ಅಳಲೂ ಇಲ್ಲ. ಅತ್ತರೆ ನೀವು ಸೈಕಲ್ಲಿಗೆ ಬೀಗ ಹಾಕದ್ದನ್ನು ನೆನೆದು ಹಣೆ ಚಚ್ಚಿಕೊಳ್ಳುತ್ತಿದ್ದಿರಿ.

ಮೊನ್ನೆ ಸೈನ್ಯದ ಡಾಕ್ಟರಮ್ಮನ ಮುಂದೆಯೂ ಅದನ್ನೇ ಮಾಡಿದೆ. ಹನ್ನೊಂದು ವರ್ಷದ ಅಭ್ಯಾಸ. ಅವರು ಒಂದು ಅಂಗೈಯನ್ನು ನನ್ನ ಭುಜದ ಮೇಲೆ ಇಟ್ಟು, ಈಗ ಚಾಚು ಎಂದರು. ಅಷ್ಟೇ. ಅರ್ಧ ನಿಮಿಷವೂ ಹಿಡಿಯಲಿಲ್ಲ. ನೀವು ಒಂದು ವರ್ಷದಲ್ಲಿ ಒಂದು ಸಲವಾದರೂ ನನ್ನ ಭುಜ ಹಿಡಿದು ನೋಡಬಾರದಿತ್ತೇ?

ಕರೆದುಕೊಂಡು ಹೋಗಲು ಬರಬೇಡಿ. ಕಟ್ಟಿದ ಫೀ ಈ ತಿಂಗಳ ಕೊನೆಯವರೆಗೆ ಇದೆ, ಹೊಸ ಹುಡುಗಿಯರಿಗೆ ಓಟ ಹೇಳಿಕೊಡುತ್ತ ಇರುತ್ತೇನೆ. ಆಮೇಲೆ ಏನು ಮಾಡಬೇಕೋ ಗೊತ್ತಿಲ್ಲ. ಮನೆಗೆ ಬಂದರೆ ನೀವು ನನ್ನ ಕೈಯನ್ನೇ ನೋಡುತ್ತ ಕೂರುತ್ತೀರಿ. ಅದನ್ನು ನೋಡುವ ಶಕ್ತಿ ನನಗಿನ್ನೂ ಬಂದಿಲ್ಲ.

ರೋಹಿಣಿ


ಅಗಡಿ
23 ನವೆಂಬರ್ 2025

ರೋಹಿಣಿ,

ಭುಜ ಹಿಡಿದು ನೋಡಬೇಕಿತ್ತು. ನೋಡಲಿಲ್ಲ. ಅವ್ವನಿಗೆ ಅದನ್ನು ಓದಿ ಹೇಳಲು ಹೊರಟೆ, ಅರ್ಧಕ್ಕೇ ಪತ್ರ ಮಡಚಿಟ್ಟೆ, ಪಕ್ಕದ ಮನೆಯ ಹುಡುಗಿಯನ್ನು ಕರೆದು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ ಓದಿಸಿಕೊಂಡಳು. ಈಗ ಅವಳೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ.

ಇದನ್ನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಗುರುವಾರ ಮಧ್ಯಾಹ್ನ ಹಿಂದಿನ ಓಣಿಯ ಶಿಲ್ಪಾ ತನ್ನ ಮಗಳನ್ನು ಎತ್ತಿಕೊಂಡು ಗ್ರಂಥಾಲಯಕ್ಕೆ ಓಡಿ ಬಂದಳು. ಕೂಸು ಅಣ್ಣನ ಸೈಕಲ್ ಹತ್ತಿ ಬಿದ್ದಿದೆ. ಮೊಣಕೈ ಬಾತು ದಪ್ಪವಾಗಿತ್ತು. ಅಳು ನಿಲ್ಲುತ್ತಿರಲಿಲ್ಲ. ಶಿಲ್ಪಾ ಆ ಕೈಯನ್ನು ತಂದು ನನ್ನ ಕೈಯೊಳಗೆ ಇಟ್ಟಳು.

“ಕಾಕಾ, ಲಗೂ ತಿಕ್ರಿ. ರೋಹಿಣಿ ಕೈ ನೆಟ್ಟಗ ಮಾಡಿದ್ದು ಊರಿಗೆಲ್ಲಾ ಗೊತ್ತೈತಿ.”

ನಾನು ನನ್ನ ಕೈ ಹಿಂದೆ ತೆಗೆದುಕೊಂಡೆ. “ನಾ ನೆಟ್ಟಗ ಮಾಡಿಲ್ಲವಾ, ಕೆಡಿಸೇನಿ. ತಿಕ್ಕಸಬ್ಯಾಡ. ಹಾವೇರಿಗೆ ಕರಕೊಂಡ ಹೋಗು, ಎಕ್ಸ್‌ರೇ ತಗಸು,” ಎಂದೆ. ಅವಳು ನಂಬಲಿಲ್ಲ. ಹಾವೇರಿಯ ಡಾಕ್ಟರ ಮಾತು ಹೇಳಿದೆ, ಯೂಸುಫಸಾಬರ ಮಾತು ಹೇಳಿದೆ. ಅವಳ ಮುಖ ಬಿಗಿಯಾಯಿತು.

“ಮಗಳು ಮಿಲಿಟ್ರಿಗೆ ಹೊಂಟಾಳಂತ ಸೊಕ್ಕ ಬಂತೇನ್ರಿ ಕಾಕಾ? ಬಡವರ ಕೂಸಂತ ಕೈ ಹಚ್ಚವಲ್ರೇನು?” ಎಂದಳು. ನೀನು ಮೆಡಿಕಲ್ಲಿನಲ್ಲಿ ಪಾಸಾಗದ ಸುದ್ದಿ ಊರಿಗೆ ಇನ್ನೂ ಗೊತ್ತಿಲ್ಲ, ನಾವು ಹೇಳಿಲ್ಲ.

ಅವಳು ಕೂಸನ್ನು ಎತ್ತಿಕೊಂಡು ನೇರವಾಗಿ ಗಿರಿಯಪ್ಪನ ಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಗಿರಿಯಪ್ಪನಿಗೂ ಹೇಳಿದೆ. ಅವನು ನಕ್ಕು, “ಗುರುಗಳಽ, ನೀವು ಹೇಳಿಕೊಟ್ಟದ್ದನ್ನ ಮಾಡಾಕತ್ತೇನಿ,” ಎಂದು ಎಣ್ಣೆ ಬಟ್ಟಲು ಎಳೆದುಕೊಂಡ. ಶುಕ್ರವಾರ ಹೋದೆ, ನಿನ್ನೆಯೂ ಹೋದೆ. ನಿನ್ನೆ ಶಿಲ್ಪಾಳ ಗಂಡ ಬಾಗಿಲಲ್ಲಿ ಅಡ್ಡ ನಿಂತು, “ನೀವು ಹೋಗ್ರಿ ಮಾಸ್ತರ,” ಎಂದ.

ನನ್ನ ಮಾತನ್ನು ಯಾರೂ ನಂಬುವುದಿಲ್ಲ. ನಿನ್ನ ಕೈಯನ್ನು ಕಂಡರೆ ನಂಬುತ್ತಾರೆ. ಬಾ ಎಂದು ಕೇಳುವ ಯೋಗ್ಯತೆ ನನಗಿಲ್ಲ, ನಾನು ಕೇಳುತ್ತಲೂ ಇಲ್ಲ. ನಿನಗೆ ತಿಳಿದಿರಲಿ ಎಂದು ಬರೆದೆ.

ಕೂಸಿನ ಹೆಸರು ನಿರ್ಮಲಾ. ಆರು ವರ್ಷ. ಇವತ್ತಿಗೆ ನಾಲ್ಕನೆಯ ದಿನ ತಿಕ್ಕುತ್ತಿದ್ದಾರೆ. ಇವತ್ತು ಅವಳೂ ಅಳಲಿಲ್ಲವಂತೆ.

ಅಪ್ಪ